ಮುಚ್ಚಳ ಹಾಕಿಟ್ಟ ನೀರು

ಹೈಡ್ರೋಜನ್ ಕಾರ್ಖಾನೆ ಬಂದದ್ದರಿಂದ ಊರಿಗೆ ಏನು ಲಾಭವಾಯಿತು ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಆದರೆ ಮೊದಲ ಲಾಭ ಯಾರಿಗಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಅದು ವಾಲ್ವಣ್ಣನಿಗೆ. ಅವನಿಗೊಂದು ಬಿಳಿ ಹೆಲ್ಮೆಟ್ ಸಿಕ್ಕಿತು.

ವಾಲ್ವಣ್ಣ ನೀರು ಸರಬರಾಜು ಕಚೇರಿಯ ನೌಕರ. ಇಪ್ಪತ್ತೊಂದು ವರ್ಷಗಳಿಂದ ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು, ಬೀದಿಬೀದಿಯ ಗುಂಡಿಯೊಳಕ್ಕೆ ಅದನ್ನು ಇಳಿಸಿ, ವಾಲ್ವ್ ತಿರುಗಿಸಿ ನೀರು ಬಿಡುವುದೇ ಅವನ ಕೆಲಸ. ಯಾವ ಬೀದಿಗೆ ಎಷ್ಟು ಸುತ್ತು ಎಂಬುದು ಕಚೇರಿಯ ಯಾವ ಕಡತದಲ್ಲೂ ಇರಲಿಲ್ಲ, ಅವನ ತಲೆಯಲ್ಲಿತ್ತು. ಅವನದೇ ಬೀದಿಗೆ ಹದಿನೆಂಟು ಸುತ್ತು. ಹೆಂಡತಿಯ ಅಣ್ಣನ ಬೀದಿಗೆ ಇಪ್ಪತ್ತೆರಡು. ಊರಾಚೆ ಹೊಸದಾಗಿ ಎದ್ದ ಕಾರ್ಖಾನೆಗೆ ಮೂವತ್ತನಾಲ್ಕು. ಆ ಮೂವತ್ತನಾಲ್ಕು ಸುತ್ತಿನ ವಾಲ್ವ್ ಕಾರ್ಖಾನೆಯ ಕಾಂಪೌಂಡಿನೊಳಗೇ ಇದ್ದದ್ದರಿಂದ, ಹೆಲ್ಮೆಟ್ ಇಲ್ಲದವರನ್ನು ಗೇಟಿನ ಕಾವಲುಗಾರ ಒಳಗೆ ಬಿಡದೆ ಇದ್ದದ್ದರಿಂದ, ಕೆಲಸಗಾರರ ಹಳದಿ ಹೆಲ್ಮೆಟ್ ಮುಗಿದು ಅಧಿಕಾರಿಗಳ ಬಿಳಿ ಹೆಲ್ಮೆಟ್ ಒಂದೇ ಉಳಿದಿದ್ದರಿಂದ, ವಾಲ್ವಣ್ಣ ಬಿಳಿ ತಲೆಯವನಾದ. ಇತಿಹಾಸದಲ್ಲಿ ಬಹಳಷ್ಟು ಮಂದಿ ದೊಡ್ಡವರಾದದ್ದು ಹೀಗೆಯೇ.

ಮೊದಲ ದಿನ ಕಾರ್ಖಾನೆಯ ಇಂಜಿನಿಯರ್ ಮೇಡಂ ಎಲ್ಲರನ್ನೂ ತಣ್ಣಗಿನ ಒಂದು ಕೋಣೆಯಲ್ಲಿ ಕೂರಿಸಿ ಪಾಠ ಮಾಡಿದರು. ನೀರಿಗೆ ಕರೆಂಟ್ ಹರಿಸಿದರೆ ನೀರು ಒಡೆದು ಎರಡಾಗುತ್ತದೆ, ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ. ಆ ಹೈಡ್ರೋಜನನ್ನು ಉರಿಸಿದರೆ ಹೊಗೆಯಿಲ್ಲ, ಮಸಿಯಿಲ್ಲ, ಮತ್ತೆ ನೀರೇ. ಇದನ್ನು ಕೇಳಿ ವಾಲ್ವಣ್ಣನಿಗೆ ಮೈ ಜುಮ್ಮೆಂದಿತು. ಇಪ್ಪತ್ತೊಂದು ವರ್ಷ ತಾನು ಬಿಟ್ಟದ್ದು ಬರೀ ನೀರಲ್ಲ, ಬೆಂಕಿ! ಆ ಸಂತೋಷಕ್ಕೋ, ಕೋಣೆಯ ತಂಪಿಗೋ, ಅವನಿಗೆ ಕಣ್ಣು ಹತ್ತಿತು. ಪಾಠದ ಎರಡನೆಯ ಅರ್ಧ ಹೈಡ್ರೋಜನ್ನಿನ ಖರ್ಚುವೆಚ್ಚದ ಬಗ್ಗೆ ಇತ್ತು. ಅದು ಮುಗಿದಾಗ ಪಕ್ಕದವನು ತಿವಿದು ಎಬ್ಬಿಸಿದ. ಈ ಕಥೆಯ ಗೋಳೆಲ್ಲ ಆ ಎರಡನೆಯ ಅರ್ಧದಲ್ಲಿತ್ತು.

ಇನ್ನು ಭಾವ. ಹೆಂಡತಿಯ ಅಣ್ಣ ಊರಿನ ಅಡುಗೆ ಅನಿಲದ ಏಜೆನ್ಸಿ ನಡೆಸುತ್ತಿದ್ದರು. ಎಲ್ಲರ ಒಲೆಯೂ ತಮ್ಮ ಕೈಯಲ್ಲಿದೆ ಎಂಬ ಅರಿವು ಅವರ ನಡಿಗೆಯಲ್ಲೇ ಇತ್ತು. ತಂಗಿಯ ಮದುವೆಯಾದ ದಿನದಿಂದಲೂ ಅವಳ ಗಂಡನನ್ನು ಅವರು "ಏನಯ್ಯಾ" ಎಂದೇ ಕರೆಯುತ್ತಿದ್ದದ್ದು. ಅದೂ ನಾಲ್ಕು ಜನ ಇದ್ದಾಗ ಸ್ವಲ್ಪ ಗಟ್ಟಿಯಾಗಿ.

ಆ ಭಾನುವಾರ ಭಾವನ ಮನೆಯಲ್ಲಿ ಊಟ. ವಾಲ್ವಣ್ಣ ಹೆಲ್ಮೆಟ್ ಧರಿಸಿಯೇ ಹೋದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ನಡುಮಧ್ಯಾಹ್ನ ಹಿಡಿದಿದ್ದ, ಅಷ್ಟೇ ವ್ಯತ್ಯಾಸ. ಭಾವ ನಾಲ್ಕು ಅತಿಥಿಗಳ ಮುಂದೆ ಶುರು ಮಾಡಿದರು.

"ಏನಯ್ಯಾ, ತಲೆ ಮೇಲೆ ಬಕೆಟ್ ಯಾಕೆ ಬೋರಲು ಹಾಕ್ಕೊಂಡಿದ್ದೀಯ? ನೀರು ಬಿಡೋದು ಬಿಟ್ಟು ನೀರು ಹಿಡಿಯೋದಕ್ಕೆ ಹೊರಟೆಯಾ?"

ಅತಿಥಿಗಳು ನಕ್ಕರು. ಹೆಂಡತಿ ತಟ್ಟೆ ನೋಡಿಕೊಂಡು ಕೂತಳು. ಆ ತಲೆ ತಗ್ಗಿಸಿದ್ದನ್ನು ನೋಡಿ ವಾಲ್ವಣ್ಣನಿಗೆ ಸಹಿಸಲಾಗಲಿಲ್ಲ. ಅವನು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬಹಳ ನಿಧಾನವಾಗಿ ಹೇಳಿದ:

"ನಗಿ ಭಾವ, ಇನ್ನೆರಡು ವರ್ಷ ನಗಿ. ಆಮೇಲೆ ನಿಮ್ಮ ಸಿಲಿಂಡರ್‌ನ ಗುಜರಿಗೆ ಹಾಕ್ಬೇಕಾಗುತ್ತೆ. ನಾವು ನೀರಿಂದಲೇ ಗ್ಯಾಸ್ ತೆಗೀತಿದ್ದೀವಿ. ಒಂದು ಕೊಡ ನೀರು, ಒಂದು ತಿಂಗಳ ಅಡುಗೆ."

"ನಾವು" ಎಂಬ ಮಾತನ್ನು ಅವನು ಎಷ್ಟು ಸಹಜವಾಗಿ ಹೇಳಿದನೆಂದರೆ, ಅವನಿಗೇ ನಂಬಿಕೆ ಬಂತು. ಭಾವ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಭಾವ ತಾವೇ ಇವನ ಮನೆಗೆ ಬಂದರು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಇದು ಎರಡನೆಯ ಸಲ. ಮೊದಲ ಸಲ ಬಂದದ್ದು ತಪ್ಪು ವಿಳಾಸ ಹುಡುಕಿಕೊಂಡು. ಕುರ್ಚಿಯ ತುದಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ಭಾವನವರೇ" ಎಂದರು.

ಒಳಗೆ ಹೆಂಡತಿಯ ಕೈಯಿಂದ ಲೋಟ ಬಿತ್ತು.

"ಭಾವನವರೇ, ನೀವು ಒಳಗಿನವರು. ನಿಜ ಹೇಳಿ. ಕೆಲಸ ಎಲ್ಲೀವರೆಗೆ ಬಂದಿದೆ?"

ಸತ್ಯ ಹೇಳುವುದಕ್ಕೆ ಅದು ಪ್ರಶಸ್ತವಾದ ಮುಹೂರ್ತವಾಗಿತ್ತು. ಆದರೆ "ನವರೇ" ಎಂಬುದು ಅಷ್ಟರಲ್ಲಿ ವಾಲ್ವಣ್ಣನ ಕಿವಿಯೊಳಗೆ ಇಳಿದು, ಎದೆಗೆ ತಲುಪಿ, ಅಲ್ಲಿ ಬಿಡಾರ ಹೂಡಿತ್ತು. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದ:

"ಎಲ್ಲಾನೂ ಹೊರಗೆ ಹೇಳೋ ಹಾಗಿಲ್ಲ ಭಾವ. ಗುರುವಾರ ಮೊದಲ ಗ್ಯಾಸ್. ರಾಜಧಾನಿಯಿಂದ ದೊಡ್ಡವರು ಬರ್ತಾರೆ. ಅಷ್ಟು ತಿಳ್ಕೊಳ್ಳಿ ಸಾಕು."

"ಸಾಕು, ಸಾಕು" ಎಂದು ಭಾವ ಎದ್ದರು. ಅವರ ಮುಖದಲ್ಲಿ ಒಂದು ಲೆಕ್ಕಾಚಾರ ನಡೆದಿತ್ತು. "ನೀವು ಹೇಳಿದ್ದು ನನ್ನ ಹೊಟ್ಟೇಲೇ ಇರುತ್ತೆ. ನರಪಿಳ್ಳೆಗೂ ಹೇಳಲ್ಲ."

ಭಾವ ಮಾತಿಗೆ ತಪ್ಪುವವರಲ್ಲ. ಆದರೆ ಎದುರುಮನೆಯ ದರ್ಜಿ ಆ ಹೊತ್ತಿನಲ್ಲಿ ಕಿಟಕಿಯ ಕೆಳಗೆ ಕೂತು ಒಂದು ಕೋಟಿಗೆ ಗುಂಡಿ ಹಾಕುತ್ತಿದ್ದ. ಆ ಕಿಟಕಿ ಅವನ ಮನೆಯದಲ್ಲ, ವಾಲ್ವಣ್ಣನ ಮನೆಯದು. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಅವನು ಆಮೇಲೆ ಸಮಜಾಯಿಷಿ ಕೊಟ್ಟ.

ದರ್ಜಿಯ ತರ್ಕ ಕತ್ತರಿಯಷ್ಟೇ ಹರಿತ. ಗ್ಯಾಸ್ ಏಜೆನ್ಸಿಯವನೇ ಹೆದರಿ ಓಡಿಬಂದಿದ್ದಾನೆ ಎಂದರೆ ಸುದ್ದಿ ನಿಜ. ಸುದ್ದಿ ನಿಜವಾದರೆ ನಾಳೆ ನೀರೇ ಗ್ಯಾಸ್. ನೀರೇ ಗ್ಯಾಸ್ ಆದ ಮೇಲೆ ಈ ಪುಗಸಟ್ಟೆ ನೀರು ಯಾರು ಕೊಡುತ್ತಾರೆ? ಆದ್ದರಿಂದ ಇವತ್ತೇ ಹಿಡಿದಿಡಬೇಕು. ಮಧ್ಯಾಹ್ನದ ಹೊತ್ತಿಗೆ ಅವನು ಎರಡು ಡ್ರಮ್ ತಂದ. ಒಬ್ಬ ಎರಡು ಡ್ರಮ್ ತಂದರೆ ಪಕ್ಕದವನು ಮೂರು ತರುವುದು ಬೀದಿಯ ಸಂವಿಧಾನ. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಡ್ರಮ್ ಮುಗಿದವು. ಮಹಡಿಮನೆಯ ಅಜ್ಜಿ ಸ್ನಾನದ ತೊಟ್ಟಿ, ಹಳೆಯ ಟ್ರಂಕು, ಹೂದಾನಿ, ಮೊಮ್ಮಕ್ಕಳ ಆಟದ ಬಕೆಟ್ಟು ಎಲ್ಲವನ್ನೂ ತುಂಬಿಸಿ, ಸ್ನಾನವನ್ನೇ ಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಇಲ್ಲಿ ಕೂಸು ಯಾರದು ಎಂಬುದೇ ತಿಳಿಯದೆ ಇಡೀ ಬೀದಿ ಕುಲಾವಿ ಹೊಲಿಯುತ್ತಿತ್ತು.

ವಾಲ್ವಣ್ಣ ಬೀದಿಗಿಳಿದರೆ ಸಾಕು, ಸಲಹೆ ಕೇಳುವವರ ಸಾಲು.

"ಮಳೆ ನೀರಾದ್ರೆ ಆಗುತ್ತಾ ಅಣ್ಣ?"

"ನೋಡ್ಬೇಕು" ಎಂದ ವಾಲ್ವಣ್ಣ, ಆಕಾಶ ನೋಡುತ್ತಾ.

"ಬಟ್ಟೆ ಒಗೆದ ನೀರು? ಅದರಲ್ಲಿ ನೊರೆ ಇರುತ್ತೆ, ಗ್ಯಾಸ್ ಜಾಸ್ತಿ ಬರಬಹುದು ಅಲ್ವಾ?"

"ಪ್ರಯೋಗದಲ್ಲಿದೆ."

ಅಜ್ಜಿ ಮಹಡಿಯಿಂದಲೇ ಕೂಗಿದರು: "ಲೋ, ಬಹಳ ದಿನ ಇಟ್ರೆ ಅದರೊಳಗಿನ ಹೈಡ್ರೋಜನ್ನು ಹಾರಿಹೋಗಲ್ವೇನೋ?"

ವಾಲ್ವಣ್ಣ ಹೆಲ್ಮೆಟ್ ಸರಿಮಾಡಿಕೊಂಡು, ಒಂದು ಕ್ಷಣ ಯೋಚಿಸಿ, ಅವನ ಬಾಳಿನ ಅತ್ಯಂತ ಗಂಭೀರವಾದ ತಾಂತ್ರಿಕ ಸಲಹೆ ಕೊಟ್ಟ: "ಮುಚ್ಚಳ ಹಾಕಿಡಿ ಅಜ್ಜಿ."

ಆ ಸಲಹೆ ಇಡೀ ಊರಿಗೆ ಹಬ್ಬಿತು. ಮುಚ್ಚಳದ ಬೆಲೆ ಡ್ರಮ್ಮಿನ ಬೆಲೆಗಿಂತ ಏರಿತು.

ಬುಧವಾರ ಬೆಳಿಗ್ಗೆ ವಾಲ್ವಣ್ಣ ಕಾರ್ಖಾನೆಯ ವಾಲ್ವಿಗೆ ಕೀಲಿ ಹಾಕಿ ಮೂವತ್ತನಾಲ್ಕು ಸುತ್ತು ತಿರುಗಿಸಿದ. ಪೈಪು ಎರಡು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಊರಿನ ಮೇಲ್ತೊಟ್ಟಿ ಬರಿದಾಗಿತ್ತು. ಊರಿಗೆ ಬಿಟ್ಟ ನೀರೆಲ್ಲ ಮುಚ್ಚಳದ ಕೆಳಗಿತ್ತು.

ಇಂಜಿನಿಯರ್ ಮೇಡಂ ಓಡಿ ಬಂದರು. "ನಾಳೆ ಹನ್ನೆರಡಕ್ಕೆ ಯಂತ್ರ ಶುರು ಆಗ್ಬೇಕು. ನೀರೆಲ್ಲಿ?"

"ಜನ ಹಿಡಿದಿಟ್ಟುಕೊಂಡಿದ್ದಾರೆ ಮೇಡಂ. ಮುಂದೆ ಮನೆಮನೆಗೂ ನೀರಿನ ಗ್ಯಾಸ್ ಬರುತ್ತಲ್ಲ, ಆಗ ಬೇಕಾಗುತ್ತೇಂತ."

"ಮನೆಮನೆಗಾ? ಯಾರು ಹೇಳಿದ್ದು?"

ವಾಲ್ವಣ್ಣ ತನ್ನ ಚಪ್ಪಲಿ ನೋಡಿಕೊಂಡ. ಮೇಡಂಗೆ ಅರ್ಥವಾಯಿತು. "ಅವತ್ತು ಮೂರನೇ ಸಾಲಲ್ಲಿ ಗೊರಕೆ ಹೊಡೆದವರು ನೀವೇನಾ?" ಎಂದು ಕೇಳಿ, ಅಲ್ಲೇ ಪೈಪಿನ ಮೇಲೆ ಕೂತು ಎರಡನೆಯ ಅರ್ಧವನ್ನು ಮತ್ತೆ ಹೇಳಿದರು.

"ಒಂದು ಕೆಜಿ ಹೈಡ್ರೋಜನ್‌ಗೆ ಹತ್ತು ಲೀಟರ್ ನೀರು ಸಾಕು. ನೀರಿನ ಖರ್ಚು ಲೆಕ್ಕಕ್ಕೇ ಇಲ್ಲ. ಖರ್ಚೆಲ್ಲ ಕರೆಂಟಿಂದು. ಕೆಜಿಗೆ ಐವತ್ತೈದು ಯೂನಿಟ್. ಅದೂ ಬಿಸಿಲಿನ ಕರೆಂಟೇ ಆಗ್ಬೇಕು, ಇಲ್ಲದಿದ್ರೆ ಹೊಗೆ ಇಲ್ಲಿ ಬಿಡೋ ಬದಲು ಕರೆಂಟ್ ಮಾಡೋ ಕಡೆ ಬಿಟ್ಟ ಹಾಗಾಗುತ್ತೆ. ಬಿಸಿಲು ಹೋದ್ರೆ ಯಂತ್ರ ಸುಮ್ನೆ ಕೂತಿರುತ್ತೆ. ಯಂತ್ರದ ಬೆಲೆ ಕೇಳಿದ್ರೆ ನೀವು ಇನ್ನೊಂದ್ಸಲ ನಿದ್ದೆ ಮಾಡಲ್ಲ."

"ಹಾಗಾದ್ರೆ ಯಾರು ತಗೋತಾರೆ ಮೇಡಂ?"

"ಅದೇ ನಮ್ಮ ತಲೆನೋವು. ಗೊಬ್ಬರದ ಕಾರ್ಖಾನೆಯವರು, ಉಕ್ಕಿನ ಕಾರ್ಖಾನೆಯವರು ತಗೋಬೇಕು. ಹಳೇ ರೀತಿ, ನೆಲದೊಳಗಿನ ಗ್ಯಾಸಿಂದ ತಯಾರಾದ ಹೈಡ್ರೋಜನ್ನು ಮೂರನೇ ಒಂದು ಪಾಲು ಬೆಲೆಗೆ ಸಿಗ್ತಿರೋವಾಗ ಯಾಕೆ ತಗೋತಾರೆ? ಅವರು ತಗೊಂಡ್ರೆ ನಾವು ಜಾಸ್ತಿ ಮಾಡಬಹುದು, ಬೆಲೆ ಇಳಿಯುತ್ತೆ. ಬೆಲೆ ಇಳಿದ್ರೆ ಅವರು ತಗೋತಾರಂತೆ."

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ" ಎಂದ ವಾಲ್ವಣ್ಣ.

ಮೇಡಂ ಅವನನ್ನು ಹೊಸದಾಗಿ ನೋಡಿದರು. "ಇದನ್ನೇ ನಮ್ಮ ಆಡಳಿತ ಮಂಡಳಿಯವರು ಎಂಬತ್ತು ಪುಟದಲ್ಲಿ ಬರೆದಿದ್ದಾರೆ."

ಹೊಗಳಿಕೆಯನ್ನು ಸವಿಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಅಳುತ್ತಾ ನಿಂತಿದ್ದಳು.

"ಅಣ್ಣ ಏಜೆನ್ಸಿ ಮಾರ್ತಿದ್ದಾನಂತೆ! ಟೈರ್ ಅಂಗಡಿಯವನಿಗೆ, ಅರ್ಧ ಬೆಲೆಗೆ. ನಾಳೆ ಹನ್ನೊಂದಕ್ಕೆ ಸಹಿ. ಅಪ್ಪ ಸೈಕಲ್ ಮೇಲೆ ಸಿಲಿಂಡರ್ ಹೊತ್ತು ಕಟ್ಟಿದ್ದು ಕಣ್ರೀ ಅದು. ನೀವು ಅವತ್ತು ಹೇಳಿದ್ದು ನಿಜ ತಾನೇ?"

ವಾಲ್ವಣ್ಣನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಉಗುಳಿದ. ಹೆಂಡತಿ ಅಳು ನಿಲ್ಲಿಸಿದಳು. ಅವಳು ಬೈದಿದ್ದರೆ ವಾಸಿಯಿತ್ತು. "ಈಗಲೇ ಹೋಗಿ ಅಣ್ಣನಿಗೆ ಹೇಳಿ" ಎಂದಳು, ಅಷ್ಟೇ.

ವಾಲ್ವಣ್ಣ ಹೆಲ್ಮೆಟ್ ಮನೆಯಲ್ಲೇ ಬಿಟ್ಟು, ಬರೀ ತಲೆಯಲ್ಲಿ ಭಾವನ ಮನೆಗೆ ಓಡಿದ.

"ಭಾವ, ಮಾರಬೇಡಿ! ನಾನು ಹೇಳಿದ್ದು ಸುಳ್ಳು."

ಭಾವ ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. "ಕಂಪನಿಯವರು ಬಾಯಿ ಮುಚ್ಚಿಸಿದ್ರಾ ಭಾವನವರೇ?"

"ಯಾರೂ ಮುಚ್ಚಿಸಿಲ್ಲ. ನಾನು ಪಾಠದಲ್ಲಿ ನಿದ್ದೆ ಮಾಡ್ಬಿಟ್ಟೆ!"

"ಎಂಥಾ ಸರಳತೆ" ಎಂದು ಭಾವ ತಮ್ಮ ಹೆಂಡತಿಯ ಕಡೆ ತಿರುಗಿದರು. "ದೊಡ್ಡ ಹುದ್ದೆಯಲ್ಲಿರೋರು ಹೀಗೇ ಕಣೇ, ಬಿಟ್ಟುಕೊಡಲ್ಲ. ತಲೆ ಮೇಲಿನ ಹೆಲ್ಮೆಟ್ ಕೂಡ ಬಚ್ಚಿಟ್ಟು ಬಂದಿದ್ದಾರೆ."

"ಭಾವ, ನಾನು ವಾಲ್ವ್ ತಿರುಗಿಸೋನು! ಮೂವತ್ತನಾಲ್ಕು ಸುತ್ತು, ಅಷ್ಟೇ ನನ್ನ ಕೆಲಸ!"

"ತಾವು ಹಾಗೆಲ್ಲ ಹೇಳ್ಬಾರದು" ಎಂದರು ಭಾವ.

"ತಾವು"! ಸುಳ್ಳು ಹೇಳಿದಾಗ "ನೀವು" ಸಿಕ್ಕಿತ್ತು, ನಿಜ ಹೇಳಿದ್ದಕ್ಕೆ "ತಾವು" ಸಿಕ್ಕಿತು. ಇನ್ನೂ ಸ್ವಲ್ಪ ನಿಜ ಹೇಳಿದರೆ ಹಾರ ಹಾಕುವ ಅಪಾಯವಿತ್ತು. ಅವನು ಎದ್ದು ಬಂದ.

"ನಮ್ಮಣ್ಣ ಮಾತು ನಂಬಲ್ಲ" ಎಂದಳು ಹೆಂಡತಿ, ಎಲ್ಲವನ್ನೂ ಕೇಳಿದ ಮೇಲೆ. "ಅವನು ನಂಬೋದು ಬೆಲೆನ. ನಿಮ್ಮ ಮೇಡಂ ನಾಳೆ ನೀರಿಗೆ ಎಲ್ಲಿಗೆ ಬರ್ತಾರೆ?"

"ಟ್ಯಾಂಕರ್ ತಗೊಂಡು ನಮ್ಮ ಬೀದಿಗೇ ಬರ್ತೀನಿ ಅಂದ್ರು."

"ಸರಿ ಹಾಗಾದ್ರೆ" ಎಂದು ಅವಳು ಸೆರಗು ಸಿಕ್ಕಿಸಿದಳು.

ಗುರುವಾರ ಹತ್ತಕ್ಕೆ ಟ್ಯಾಂಕರ್ ಬಂದು ಬೀದಿಯ ನಡುವೆ ನಿಂತಿತು. ಮೇಡಂ ಇಳಿದು, ಮುಚ್ಚಿದ ಡ್ರಮ್ಮುಗಳ ಸಾಲನ್ನು ನೋಡಿ ಬೆರಗಾದರು. "ದಯವಿಟ್ಟು ಸ್ವಲ್ಪ ನೀರು ಕೊಡಿ. ಟ್ಯಾಂಕರ್ ನೀರಿಗೆ ಏನು ಬೆಲೆಯೋ ಅದನ್ನ ಕೊಡ್ತೀವಿ."

ದರ್ಜಿ ಮುಂದೆ ಬಂದು ಡ್ರಮ್ಮಿನ ಮೇಲೆ ಕೈಯಿಟ್ಟ. "ನೀರಿನ ಬೆಲೆ ಬೇಡ ಮೇಡಂ. ಗ್ಯಾಸಿನ ಬೆಲೆ ಮಾತಾಡಿ."

"ನಂದು ಮುಚ್ಚಳ ಹಾಕಿಟ್ಟಿದ್ದು" ಎಂದು ಅಜ್ಜಿ ಮಹಡಿಯಿಂದ ಸೇರಿಸಿದರು. "ಒಂದು ಚೂರೂ ಹಾರಿಹೋಗಿಲ್ಲ."

ಮೇಡಂಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಹೆಂಡತಿ ತನ್ನ ಅಣ್ಣನನ್ನು ಎಳೆದುಕೊಂಡು ಬಂದಳು. ಹಿಂದೆ ಕಾಗದಪತ್ರ ಹಿಡಿದು, "ಮೊದಲು ಸಹಿ ಹಾಕ್ಬಿಡಿ, ಆಮೇಲೆ ಎಲ್ಲಿಗಾದ್ರೂ ಹೋಗಿ" ಎನ್ನುತ್ತಾ ಟೈರ್ ಅಂಗಡಿಯವನು.

"ಮೇಡಂ, ಇವರು ನಮ್ಮಣ್ಣ. ಊರಿಗೆಲ್ಲ ಗ್ಯಾಸ್ ಕೊಡೋರು" ಎಂದಳು ಹೆಂಡತಿ. "ನಿಮ್ಮದನ್ನೂ ಮಾರಿಕೊಡ್ತಾರಾ ಅಂತ ಕೇಳಿ ನೋಡಿ."

ಮೇಡಂ ಮುಖ ಅರಳಿದ ಪರಿಯನ್ನು ನೋಡಿದ್ದರೆ ಕಲ್ಲೂ ಕರಗುತ್ತಿತ್ತು. ಒಂದೂವರೆ ವರ್ಷದಿಂದ ಅವರು ಕೊಳ್ಳುವವರಿಗಾಗಿ ಕಾದಿದ್ದರು. "ಸಾರ್, ನೀವು ತಗೋತೀರಾ? ಯಾರಾದ್ರೂ ತಗೋತೀವಿ ಅಂದ್ರೆ ಸಾಕಾಗಿದೆ! ಒಲೆಗೆ ಇನ್ನೂ ಆಗಲ್ಲ, ನಿಮ್ಮ ಒಲೆ, ಪೈಪು, ಸಿಲಿಂಡರ್ ಎಲ್ಲಾ ಬದಲಾಯಿಸ್ಬೇಕು. ಆದ್ರೂ ಪರವಾಗಿಲ್ಲ. ನಿಮಗೆ ರಿಯಾಯಿತಿ ಕೊಡ್ತೀವಿ. ಇದು ನಮಗೆ ಬಿದ್ದಿರೋ ಅಸಲು..." ಎಂದು ಒಂದು ಚೀಟಿಯಲ್ಲಿ ಅಂಕಿ ಬರೆದು ಕೊಟ್ಟರು.

ಭಾವ ಚೀಟಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅವರ ತುಟಿಗಳು ಅಲುಗಿದವು, ಬೆರಳುಗಳು ಮಡಿಚಿಕೊಂಡವು. ವಾಲ್ವಣ್ಣ ಕಣ್ಣು ಮುಚ್ಚಿಕೊಂಡ.

"ಇದರಲ್ಲಿ ಒಂದು ಹೊತ್ತಿನ ಅಡುಗೆ ಮಾಡೋದಕ್ಕಿಂತ" ಎಂದರು ಭಾವ ಕೊನೆಗೆ, "ನಾಲ್ಕು ಹೊತ್ತು ಹೋಟೆಲ್ಲಲ್ಲಿ ತಿನ್ನಬಹುದು."

"ಬೆಲೆ ವರ್ಷ ವರ್ಷ ಇಳೀತಾ ಇದೆ ಸಾರ್..."

ಭಾವ ಕೇಳಿಸಿಕೊಳ್ಳಲಿಲ್ಲ. ಅವರು ಟೈರ್ ಅಂಗಡಿಯವನ ಕೈಯಿಂದ ಕಾಗದಪತ್ರ ಕಿತ್ತುಕೊಂಡು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದರು. ಆಮೇಲೆ ನಿಧಾನವಾಗಿ ವಾಲ್ವಣ್ಣನ ಕಡೆ ತಿರುಗಿದರು. "ತಾವು" ಎಲ್ಲಿತ್ತೋ, "ನೀವು" ಎಲ್ಲಿತ್ತೋ. ಒಂದೇ ಏಟಿಗೆ ಎಲ್ಲ ಮೆಟ್ಟಿಲೂ ಇಳಿದು ಬಂತು:

"ಏನಯ್ಯಾ!"

ಆ ಮಾತು ಅಷ್ಟು ಇಂಪಾಗಿರುತ್ತದೆ ಎಂದು ವಾಲ್ವಣ್ಣನಿಗೆ ಗೊತ್ತೇ ಇರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು. "ಹೇಳಿ ಭಾವ" ಎಂದ. ಭಾವ ಹೇಳಿದರು. ಕಾಲು ಗಂಟೆ ಹೇಳಿದರು. ಅದರಲ್ಲಿ ಅಚ್ಚು ಹಾಕಬಹುದಾದ ಮಾತು ಎರಡೋ ಮೂರೋ ಇದ್ದವು.

ಬೀದಿಯವರಿಗೆ ಬೈಯುವುದಕ್ಕೆ ಮಾತೇ ಉಳಿಯಲಿಲ್ಲ. ಅವರು ತಮ್ಮ ಸಿಟ್ಟನ್ನು ಟ್ಯಾಂಕರಿಗೆ ಸುರಿದರು. ಡ್ರಮ್ಮು, ಕೊಡ, ತೊಟ್ಟಿ, ಟ್ರಂಕು, ಹೂದಾನಿ ಎಲ್ಲ ಖಾಲಿಯಾದವು. "ತಗೊಳ್ಳಿ ನಿಮ್ಮ ಬೆಂಕಿ!" ಎಂದು ಅಜ್ಜಿ ಆಟದ ಬಕೆಟ್ಟನ್ನು ಮಹಡಿಯಿಂದಲೇ ಸುರಿದರು, ಅರ್ಧ ಟ್ಯಾಂಕರಿಗೆ ಬಿತ್ತು, ಅರ್ಧ ಟೈರ್ ಅಂಗಡಿಯವನಿಗೆ. ಕಾರ್ಖಾನೆಯ ನೀರು ಸೋಸುವ ಶೋಧಕದಲ್ಲಿ ಆಮೇಲೆ ಕೋಟಿನ ಏಳು ಗುಂಡಿ ಸಿಕ್ಕವು.

ಹನ್ನೆರಡಕ್ಕೆ ಬಿಸಿಲು ಚೆನ್ನಾಗಿತ್ತು. ಯಂತ್ರ ಗುಯ್‌ಗುಟ್ಟಿತು. ರಾಜಧಾನಿಯಿಂದ ಬಂದ ದೊಡ್ಡವರು ಭಾಷಣದಲ್ಲಿ, "ಸ್ವಚ್ಛ ಇಂಧನಕ್ಕಾಗಿ ಜನರು ತಮ್ಮ ಮನೆಗಳಿಂದ ನೀರು ಹೊತ್ತು ತಂದ ಊರು ಜಗತ್ತಿನಲ್ಲಿ ಇದೊಂದೇ" ಎಂದು ಗದ್ಗದಿತರಾದರು. ಜನರು ಚಪ್ಪಾಳೆ ತಟ್ಟಿದರು. ತಮ್ಮ ಬಗ್ಗೆ ಅಷ್ಟು ಒಳ್ಳೆಯ ಮಾತು ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಹಳದಿ ಹೆಲ್ಮೆಟ್ಟುಗಳ ಹೊಸ ಪೆಟ್ಟಿಗೆ ಬಂದಿತ್ತು. ವಾಲ್ವಣ್ಣ ಕೇಳುವ ಮೊದಲೇ ತನ್ನ ಬಿಳಿಯದನ್ನು ಕೊಟ್ಟು ಒಂದು ಹಳದಿ ತೆಗೆದುಕೊಂಡ.

ಮೂರು ತಿಂಗಳು ಕಳೆದವು. ಕಾರ್ಖಾನೆ ಬಿಸಿಲಿದ್ದಾಗ ನಡೆಯುತ್ತದೆ, ಗೊಬ್ಬರದವರು ಇನ್ನೂ ಚೌಕಾಸಿ ಮಾಡುತ್ತಿದ್ದಾರೆ. ಭಾವ ಎಂದಿನಂತೆ ಸಿಲಿಂಡರ್ ಮಾರುತ್ತಾರೆ, ಎಂದಿನಂತೆ ನಾಲ್ಕು ಜನರ ಮುಂದೆ "ಏನಯ್ಯಾ" ಎನ್ನುತ್ತಾರೆ. ಹೆಂಡತಿ ಈಗ ತಟ್ಟೆ ನೋಡುವುದಿಲ್ಲ, ಅಣ್ಣನನ್ನು ನೋಡುತ್ತಾಳೆ. ಅಣ್ಣ ದನಿ ಸ್ವಲ್ಪ ತಗ್ಗಿಸುತ್ತಾರೆ.

ಮೊನ್ನೆ ವಾಲ್ವಣ್ಣ ಭಾವನ ಬೀದಿಗೆ ನೀರು ಬಿಟ್ಟ. ಇಪ್ಪತ್ತೆರಡು ಸುತ್ತು. ಹಿತ್ತಿಲ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಭಾವ ದೂರು ಹೇಳಿದ್ದರಿಂದ ನೋಡಲು ಹೋದ. ನಲ್ಲಿ ಸರಿಯಾಗಿಯೇ ಇತ್ತು. ಆದರೆ ಗೋಡೆಯ ಮರೆಯಲ್ಲಿ, ಗೋಣಿಚೀಲ ಹೊದಿಸಿದ ಒಂದು ದೊಡ್ಡ ಡ್ರಮ್ ಕಂಡಿತು. ತುಂಬಿತ್ತು. ಮೇಲೆ ಬಿಗಿಯಾದ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು.

"ಭಾವ, ಇದೇನಿದು?"

ಭಾವ ಅತ್ತಿತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

"ಬೆಲೆ ವರ್ಷ ವರ್ಷ ಇಳೀತಾ ಇದೆ ಅಂದ್ರಲ್ಲ ನಿಮ್ಮ ಮೇಡಂ. ಒಂದು ಇರ್ಲಿ ಬಿಡಿ... ಭಾವನವರೇ."